ಸುಜಾತಾಬಾಯಿ ನಕ್ಕರೆ ಊಟ ಪುಕ್ಕಟೆ

ನನಗೆ ಈಗ ಮೂವತ್ತೊಂದು ವರ್ಷ. ನಿವೃತ್ತನಾಗಿ ಎರಡು ವರ್ಷವಾಯಿತು. ಯಾರೂ ಹಾರ ಹಾಕಲಿಲ್ಲ, ಗೋಡೆ ಗಡಿಯಾರ ಕೊಡಲಿಲ್ಲ, ಶಾಲು ಹೊದಿಸಲಿಲ್ಲ. ಅದಕ್ಕೆ ಬೇಜಾರೇನಿಲ್ಲ. ಕಲಬುರಗಿಯ ಬಿಸಿಲಿನಲ್ಲಿ ಶಾಲು ಹೊದ್ದುಕೊಂಡು ತಿರುಗಿದರೆ ಸನ್ಮಾನವಾದವ ಅನ್ನುವುದಿಲ್ಲ, ಜ್ವರ ಬಂದವ ಅನ್ನುತ್ತಾರೆ. ಪಿಂಚಣಿಯೆಂದು ನನಗೆ ಬಂದದ್ದು ಒಡೆದ ಗಂಟಲು, ಮತ್ತು ಬಲಗಿವಿಯೊಳಗೆ ಸದಾ ಗುಂಯ್ ಎನ್ನುವ ಒಂದು ಸದ್ದು. ಎರಡೂ ಒಂದು ತಿಂಗಳೂ ತಪ್ಪದೆ ಬರುತ್ತವೆ.

ಆಟೋದಲ್ಲಿ ಕೂತು ಮೈಕಿನಲ್ಲಿ ಕೂಗುವುದು ನನ್ನ ಕೆಲಸವಾಗಿತ್ತು. ಸೀರೆ ಸೇಲು, ಹೊಸ ಆಸ್ಪತ್ರೆ, ಕಳೆದುಹೋದ ಎಮ್ಮೆ, ನೀರು ಬರುವುದಿಲ್ಲ ಎಂಬ ಸೂಚನೆ, ನೀರು ಬರುತ್ತದೆ ಎಂಬ ಸುಳ್ಳು, ಎಲ್ಲವನ್ನೂ ಕೂಗಿದ್ದೇನೆ. ಈಗ ಒಂದು ಬೇಳೆ ಮಿಲ್ಲಿನಲ್ಲಿ ಚೀಲದ ಬಾಯಿ ಹೊಲಿಯುತ್ತೇನೆ. ಅಲ್ಲಿ ಯಂತ್ರದ ಗದ್ದಲಕ್ಕೆ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ನನ್ನನ್ನು ಬಲ್ಲವರೆಲ್ಲ, ಇಂವನಿಗೆ ಇದೇ ಸರಿಯಾದ ಜಾಗ ಅನ್ನುತ್ತಾರೆ.

ಆದರೂ ಮೈಕಿನ ಹುಚ್ಚಿರುವ ಒಬ್ಬಿಬ್ಬರು ಹುಡುಗರು ಮಿಲ್ಲಿನ ಗೇಟಿಗೆ ಬಂದು, "ಮಲ್ಲು ಅಣ್ಣಾ, ನಾವೂ ಈ ಲೈನಿಗೆ ಬರ್ಬೇಕಂತೀವಿ, ಹೆಂಗ ಮಾಡ್ಬೇಕು?" ಎಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಓದಿ ಓಡಿಹೋದರೆ ನನಗೆ ಸಂತೋಷ.

ನನ್ನ ಮೇಲಧಿಕಾರಿ ಸಂಗಣ್ಣ ಸಾವಕಾರರು. ಜಗತ್ ಸರ್ಕಲ್ಲಿನ ಹಿಂದಿನ ಗಲ್ಲಿಯಲ್ಲಿ ಅವರ ಸೌಂಡ್ ಅಂಗಡಿ. ಲೋಕಕ್ಕೆಲ್ಲ ಸದ್ದು ಬಾಡಿಗೆಗೆ ಕೊಡುವ ಆ ಮನುಷ್ಯ ಮಾತಾಡುವುದು ಮಾತ್ರ ಪಿಸುಪಿಸು. ನನ್ನ ಸಹೋದ್ಯೋಗಿ ಮಹಿಬೂಬ್ ಚಾಚಾ. ಆಟೋ ಅವರದು, ಅದರ ತಲೆಯ ಮೇಲಿನ ಎರಡು ಭೋಂಗಾ ಸ್ಪೀಕರು ಸಾವಕಾರರದು, ಎರಡರ ನಡುವೆ ಸಿಕ್ಕಿಕೊಂಡ ಬಾಯಿ ನನ್ನದು. ಚಾಚಾ ಮೂವತ್ತು ವರ್ಷ ಆಟೋ ಓಡಿಸಿದವರು. ನನ್ನ ಅಪ್ಪನಿಗಿಂತ ಹಿರಿಯರು. ನನ್ನ ಪಕ್ಕದಲ್ಲಿ ದಿನವೂ ಕೂತು ಅವರಿಗೆ ಎಡಗಿವಿ ಮಂದವಾಯಿತು. ಮನೆಯಲ್ಲಿ ಹೆಂಡತಿ ಬಯ್ಯುವಾಗ ಆ ಕಿವಿಯನ್ನೇ ಕೊಡುತ್ತೇನೆ ಎಂದು ನನಗೆ ದುವಾ ಕೊಡುತ್ತಿದ್ದರು.

ಮೊದಲು ನನ್ನ ಸಾಧನೆಗಳನ್ನು ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಹೊಸತು. ಕಲಬುರಗಿಯ ಹತ್ತಿರದ ಕಮಲಾಪುರದಲ್ಲಿ ಬೆಳಿಗ್ಗೆಯೆಲ್ಲ ಸೀರೆ ಸೇಲು ಕೂಗಿ ಮುಗಿಸಿದ್ದೆವು. ಮಧ್ಯಾಹ್ನ ಊರಿನ ಹಿರಿಯರೊಬ್ಬರು ತೀರಿಕೊಂಡರೆಂದು, ಅಂತ್ಯಕ್ರಿಯೆಯ ವಿಷಯ ಊರಿಗೆ ತಿಳಿಸಲು ನಮ್ಮನ್ನೇ ಕರೆದರು. ನಾನು ಗಂಟಲು ಸರಿಮಾಡಿಕೊಂಡು ಬಹಳ ದುಃಖದಿಂದಲೇ ಶುರುಮಾಡಿದೆ. ಹೆಸರು ಹೇಳಿದೆ, ವಯಸ್ಸು ಹೇಳಿದೆ, ಸಂಜೆ ಐದಕ್ಕೆ ಎಂದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ಬೆಳಗಿನಿಂದ ಓಡುತ್ತಿದ್ದ ಬಾಯಿ ಬ್ರೇಕು ಹಾಕಿದರೆ ನಿಲ್ಲಬೇಕಲ್ಲ? "ಎಲ್ಲರೂ ಕುಟುಂಬ ಸಮೇತರಾಗಿ ಬನ್ನಿ, ಇಂಥ ಅವಕಾಶ ಮತ್ತೆ ಸಿಗುವುದಿಲ್ಲ, ಸ್ಟಾಕ್ ಇರುವವರೆಗೆ ಮಾತ್ರ!"

ಚಾಚಾ ಆ ಗಲ್ಲಿಯಲ್ಲಿ ಆಟೋವನ್ನು ಹಿಮ್ಮುಖವಾಗಿಯೇ ಓಡಿಸಿದರು. ತೀರಿಕೊಂಡವರ ಮಗ ಕೈಯಲ್ಲಿ ಚಪ್ಪಲಿ ಹಿಡಿದು ಹೆದ್ದಾರಿಯವರೆಗೆ ಬಂದ. ಆತನ ಓಟ ನೋಡಿದರೆ ಒಲಿಂಪಿಕ್ಕಿಗೆ ಹೋಗಬಹುದಾಗಿತ್ತು. ಒಂದು ಮಾತು ಮಾತ್ರ ನಿಜ: ಅಂತ್ಯಕ್ರಿಯೆಗೆ ಬಹಳ ಜನ ಸೇರಿದ್ದರಂತೆ.

ಎರಡನೆಯದು ಸೂಪರ್ ಮಾರ್ಕೆಟ್ ಎಂದು ಕರೆಯುವ ಕಲಬುರಗಿಯ ಬಜಾರಿನಲ್ಲಿ. ಒಂದು ಬಂಗಾರದ ಅಂಗಡಿಯ ಜಾಹೀರಾತು ಕೂಗುತ್ತ ಹೋಗುತ್ತಿದ್ದೆವು. ಮುಂದೆ ಎತ್ತಿನ ಗಾಡಿ, ಹಿಂದೆ ಆಟೋಗಳ ಸಾಲು, ನಡುವೆ ನಾವು. ಹಂದಾಡಲು ಜಾಗವಿಲ್ಲ. ಮೈಕು ಆಫ್ ಮಾಡಿದ್ದೇನೆ ಎಂದುಕೊಂಡು ಚಾಚಾ ಜೊತೆ ಹರಟೆಗೆ ಕೂತೆ.

"ಚಾಚಾ, ಬಂಗಾರ ಬಂಗಾರ ಅಂತ ಮುಂಜಾನಿಂದ ಒದರಾಕತ್ತೀನಿ, ಆ ಸೇಠ ಒಂದು ಚಾ ಅರೆ ಕೇಳ್ಯಾನೇನು?"

"ಅರೆ ಬೇಟಾ, ಚಾ ಕೊಟ್ರ ಅದರಾಗ ಸಕ್ಕರಿ ಹಾಕ್ಬೇಕಾಗ್ತದ. ಸಕ್ಕರಿ ರೇಟ್ ಗೊತ್ತದೇನು?"

"ನನ್ ಹೇಣ್ತಿ ಮದಿವ್ಯಾಗ ಕೊಟ್ಟ ಉಂಗುರ ಎಲ್ಲಿ ಅಂತ ಕೇಳ್ಯಾಳ. ಬೆರಳ ಸಣ್ಣ ಆಗ್ಯಾವ, ಅದಕ್ಕ ತೆಗದಿಟ್ಟೀನಿ ಅಂದೀನಿ."

"ಎಲ್ಲಿ ಇಟ್ಟಿ?"

"ಬ್ಯಾಂಕಿನ್ಯಾಗ. ಬೆರಳ ದಪ್ಪ ಆದ ಮ್ಯಾಲ ಬಿಡಸ್ತೀನಿ."

ಇಡೀ ಸೂಪರ್ ಮಾರ್ಕೆಟ್ಟು ನಗುತ್ತಿದ್ದುದು ಯಾಕೆಂದು ನಮಗೆ ತಿಳಿಯಲಿಲ್ಲ. ಬಟ್ಟೆ ಅಂಗಡಿಯ ಹುಡುಗಿಯರು ಹೊರಗೆ ಬಂದು ಹೊಟ್ಟೆ ಹಿಡಿದುಕೊಂಡಿದ್ದರು. ಗಾಡಿಯ ಎತ್ತು ಕೂಡ ತಿರುಗಿ ನೋಡಿತು. ಅಂಗಡಿಯ ಸೇಠರು ಮಾತ್ರ ನಗುತ್ತಿರಲಿಲ್ಲ.

ನನ್ನ ಕೆಲಸ ಹೋಯಿತು ಎಂದುಕೊಂಡೇ ಜಗತ್ ಸರ್ಕಲ್ಲಿನ ಅಂಗಡಿಗೆ ಮರಳಿದೆ. ಸಂಗಣ್ಣ ಸಾವಕಾರರು ಪಿಸುಗುಟ್ಟಿದರು: "ಎಷ್ಟು ಮಂದಿ ನಕ್ಕರು?"

"ಎಲ್ಲಾರೂ ನಕ್ಕರ್ರಿ."

ಅವರು ಮೈಕಿನ ಕೆಟ್ಟ ಸ್ವಿಚ್ಚನ್ನು ಒತ್ತಿ ನೋಡಿದರು. "ಜನರ ಕೈಯಾಗ ರೊಕ್ಕಿಲ್ಲ. ಏನರೆ ತಗೋರಿ ತಗೋರಿ ಅಂದ್ರ ಸಿಟ್ಟಿಗೇಳ್ತಾರ. ನಾಳಿಂದ ಹಿಂಗೇ ಮಾತಾಡು. ಮೊದ್ಲ ನಗಸು, ಆಮ್ಯಾಲ ಅಂಗಡಿ ಹೆಸರ ಹೇಳು."

ನಮ್ಮ ವೃತ್ತಿಯಲ್ಲಿ ಹೊಸ ಪದ್ಧತಿ ಬಂದದ್ದು ಹೀಗೆ, ಒಂದು ಸ್ವಿಚ್ಚು ಕೆಟ್ಟದ್ದರಿಂದ. ಆಮೇಲೆ ನಾವು ಬೇಕೆಂದೇ ಮೈಕು ಹಚ್ಚಿಟ್ಟು ಬಡತನದ ಹರಟೆ ಹೊಡೆಯುತ್ತ ತಿರುಗಿದೆವು. ಶರಣಬಸವೇಶ್ವರ ಗುಡಿಯ ಹತ್ತಿರದ ಕಾಲೇಜು ಹುಡುಗರು ನಮ್ಮ ಆಟೋದ ಹಿಂದೆ ಸೈಕಲ್ಲಿನಲ್ಲಿ ಬರುತ್ತಿದ್ದರು. ಲಾಕ್‌ಡೌನಿನ ನಂತರದ ಆ ವರ್ಷಗಳಲ್ಲಿ ಜೋಕು ಹುಡುಕಲು ನಾನು ಎಲ್ಲೂ ಹೋಗಬೇಕಿರಲಿಲ್ಲ. ಮನೆಯಲ್ಲಿ ಡಬ್ಬಿಯ ಮುಚ್ಚಳ ತೆಗೆದರೆ ಸಾಕಾಗಿತ್ತು.

ಆದರೆ ಒಂದು ಮಾತನ್ನು ನಿಮಗೆ ಯಾರೂ ಹೇಳಿಕೊಡುವುದಿಲ್ಲ. ನಗುವವರು ಕೊಳ್ಳುವುದಿಲ್ಲ. ಇದನ್ನು ನನಗೆ ಹೇಳಿದ್ದು ಜಗತ್ ಸರ್ಕಲ್ಲಿನ ಒಬ್ಬ ಬಟ್ಟೆ ಅಂಗಡಿಯವರು. ಕೈಮುಗಿದು ಹೇಳಿದರು. "ತಮ್ಮಾ, ನೀ ಇಲ್ಲಿ ಗಾಡಿ ನಿಂದ್ರಸಬ್ಯಾಡ. ನಿನ್ನ ಮಾತು ಕೇಳಾಕಂತ ಮಂದಿ ನಮ್ಮ ಪಾವಟಿಗಿ ಮ್ಯಾಲೇ ಕುಂದ್ರಾಕತ್ತಾರ. ಒಳಗ ಬರೋ ಹಾದೀನ ಬಂದ್ ಆಗ್ಯದ." ಮುಂದಿನ ಶ್ರಾವಣಕ್ಕೆ ಆ ಅಂಗಡಿಯೇ ಇರಲಿಲ್ಲ. ಪಾವಟಿಗೆ ಮೆಟ್ಟಿಲಿನ ಮೇಲೆ ಕೂತಿದ್ದವರು ಮಾತ್ರ ಅಲ್ಲೇ ಇದ್ದರು.

ಇಷ್ಟು ತಿಳಿದ ಮೇಲೂ ನಾನು ಸುಜಾತಾಬಾಯಿಯ ಖಾನಾವಳಿಗೆ ಕೂಗಲು ಹೋದೆ.

ಕಮಲಾಪುರದ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಮುಂದೆ, ಕೆಂಪು ಬಾಳೆಹಣ್ಣು ಮಾರುವವರ ಸಾಲು ಮುಗಿದಲ್ಲಿ, ತಗಡಿನ ಮಾಡು, ನಾಲ್ಕು ಬೆಂಚು, ಗೋಡೆಗೆ ಬುದ್ಧನ ಒಂದು ಫೋಟೋ. ಅದು ಅವಳ ಖಾನಾವಳಿ. ಅವಳೂ ಅವಳ ಗಂಡನೂ ನೆಲಕ್ಕೆ ಹಾಸುವ ಪರ್ಸಿ ಕಲ್ಲು ಪಾಲಿಶ್ ಮಾಡುವ ಒಂದು ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. ಅದು ಮುಚ್ಚಿತು. ಗಂಡ ಪುಣೆಗೆ ಹೋಗಿ ಕಟ್ಟಡದ ಕೆಲಸ ಹಿಡಿದ. ಇವಳು ತವರೂರಿಗೆ ಬಂದು ಒಲೆ ಹೂಡಿದಳು. ಗಂಡನದು ಫೋನಿನಲ್ಲಿ ದಿನವೂ ಒಂದೇ ಮಾತು: ಅದನ್ನು ಬಿಟ್ಟು ಇಲ್ಲಿಗೆ ಬಾ, ಇಬ್ಬರೂ ಇಟ್ಟಿಗೆ ಹೊತ್ತರೆ ಆಗುತ್ತದೆ.

ನಮ್ಮನ್ನು ಕರೆಸಿದ ದಿನ ನನಗೆ ಅವಳು ಹೇಳಿದ್ದು ಇಷ್ಟು: "ನೋಡು ತಮ್ಮಾ, ಈ ಒಲಿ ಉರದ್ರ ನಾ ಇಲ್ಲಿರ್ತೀನಿ. ಆರಿದ್ರ ಪುಣೆ ಬಸ್ ಹತ್ತಬೇಕು. ನನಗ ಇನ್ನ ಯಾರ ಮಾಳಗಿ ಕಟ್ಟಾಕೂ ಇಟ್ಟಂಗಿ ಹೊರಾದು ಬ್ಯಾಡಾಗ್ಯದ. ನಿನಗೇನು ಒದರಬೇಕೋ ಒದರು, ಖರೆ ಮಂದಿ ಬರಬೇಕು."

ಅವಳ ರೊಟ್ಟಿಯ ಬಗ್ಗೆ ನಾನು ಉತ್ಪ್ರೇಕ್ಷೆ ಮಾಡುವ ಅಗತ್ಯವೇ ಇರಲಿಲ್ಲ. ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಮೇಲೆ ಹಸಿ ಉಳ್ಳಾಗಡ್ಡಿ. ಮೊದಲ ದಿನ ನಾನೂ ಚಾಚಾನೂ ತಿಂದದ್ದು ನೋಡಿ ಅವಳೇ ಗಾಬರಿಯಾಗಿ, "ಒದರಾಕ ಬಂದೀರೋ, ಖಾಲಿ ಮಾಡಾಕ ಬಂದೀರೋ?" ಎಂದಳು.

ಆದರೂ ಜನ ಬರುತ್ತಿರಲಿಲ್ಲ. ಹಾದಿಯಲ್ಲಿ ಹೋಗುವ ಲಾರಿಯವರು ನಿಲ್ಲುತ್ತಿದ್ದರು. ಊರವರಲ್ಲಿ ಕೆಲವರು ದುಡ್ಡಿಲ್ಲದೆ ಬರುತ್ತಿರಲಿಲ್ಲ. ಕೆಲವರು ದುಡ್ಡಿದ್ದೂ ಬಾಗಿಲವರೆಗೆ ಬಂದು, ಬುದ್ಧನ ಫೋಟೋ ನೋಡಿ, ಹಸಿವಿಲ್ಲ ಎಂದು ಹೋಗುತ್ತಿದ್ದರು. ಹಸಿವು ಹಾಗೆ ಫಟಕ್ಕನೆ ಹೇಗೆ ಹೋಗುತ್ತದೆಂದು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಒಂದು ವಾರ ಕೂಗಿದರೂ ಬೆಂಚು ಖಾಲಿ. ಎಂಟನೆಯ ದಿನವೋ ಏನೋ, ಕಮಲಾಪುರದ ಬಜಾರಿನಲ್ಲಿ ಆಟೋ ನಿಂತಿತ್ತು. ಬಿಸಿಲಿಗೆ ನನ್ನ ತಲೆ ಬಿರಿಯುತ್ತಿತ್ತು. ಹಿಂದಿನ ದಿನವಷ್ಟೇ ಸುಜಾತಾಬಾಯಿಗೆ ನನ್ನ ಅತ್ಯುತ್ತಮ ಜೋಕುಗಳನ್ನೆಲ್ಲ ಹೇಳಿ ಸೋತಿದ್ದೆ. ಆಕೆಯ ಮುಖದಲ್ಲಿ ಒಂದು ಗೆರೆ ಹಂದಾಡಿರಲಿಲ್ಲ. ಆ ಸಿಟ್ಟೇ ಬಾಯಿಗೆ ಬಂದಿರಬೇಕು. ಮೈಕಿನಲ್ಲಿ ಅಂದುಬಿಟ್ಟೆ:

"ಕೇಳ್ರಪೋ ಕೇಳ್ರಿ! ಸುಜಾತಾಬಾಯಿಯವರ ಖಾನಾವಳಿಗೆ ಬರ್ರಿ. ಒಂದು ಜೋಕ್ ಹೇಳ್ರಿ. ಬಾಯಿಯವರು ನಕ್ಕರ ಊಟ ಪುಕ್ಕಟ! ನಗಲಿಲ್ಲಂದ್ರ ರೊಕ್ಕ ಕೊಟ್ಟು ಮನಿಗಿ ಹೋಗ್ರಿ!"

ಚಾಚಾ ನನ್ನ ಕಡೆ ತಿರುಗಿದರು. "ಕ್ಯಾ ರೇ, ಬಾಯಿಗಿ ಕೇಳಿಯೇನು?"

"ಇಲ್ಲ ಚಾಚಾ. ಸುಮ್ನ ನಗಿಚಾಟಿಕಿ. ಇದನ್ನ ಯಾರ ಖರೆ ಅಂತ ತಿಳೀತಾರ?"

ನಾವು ಖಾನಾವಳಿ ಮುಟ್ಟುವಷ್ಟರಲ್ಲಿ ಬಾಗಿಲಲ್ಲಿ ಜನ ನಿಂತಿದ್ದರು. ಖರೆ ಅಂತ ತಿಳಿದವರು ಒಟ್ಟು ಎಷ್ಟು ಮಂದಿ ಎಂದು ಹೇಳಿದರೆ ನಾನು ಸುಳ್ಳು ಹೇಳುತ್ತೇನೆ ಅನ್ನುತ್ತೀರಿ. ಇಡೀ ಕಮಲಾಪುರ ಎಂದು ಇಟ್ಟುಕೊಳ್ಳಿ. ಸುಜಾತಾಬಾಯಿ ಒಳಗಿನಿಂದ ಲಟ್ಟಣಿಗೆ ಹಿಡಿದು ಬಂದಳು. ರೊಟ್ಟಿಯನ್ನು ಕೈಯಿಂದ ಬಡಿಯುವವಳಿಗೆ ಲಟ್ಟಣಿಗೆ ಯಾಕೆ ಬೇಕಿತ್ತೆಂದು ನನಗೆ ಆಗ ಗೊತ್ತಾಯಿತು.

"ಏ ಮಲ್ಲ್ಯಾ! ಯಾರಪ್ಪನ ಮನಿ ಜ್ವಾಳ ಅಂತ ಹಂಚಾಕತ್ತಿ?"

ನಾನು ಚಾಚಾನ ಬೆನ್ನ ಹಿಂದೆ ಹೋಗಿ ನಿಂತೆ. ಅಲ್ಲಿಂದಲೇ ವಾದ ಮಂಡಿಸಿದೆ. "ಅಕ್ಕಾ, ಜರಾ ವಿಚಾರ ಮಾಡು. ನೀ ನಕ್ಕಿದ್ದು ಯಾರರೆ ನೋಡ್ಯಾರೇನು?"

"ಇಲ್ಲ."

"ನೀನರೆ ನೋಡೀಯೇನು, ಕನ್ನಡ್ಯಾಗ?"

"ಇಲ್ಲ."

"ಅಂದ್ರ ನಿನಗ ನುಕ್ಸಾನ್ ಹೆಂಗ ಆಗ್ತದ? ಎಲ್ಲಾರೂ ಬರ್ತಾರ, ಹೇಳ್ತಾರ, ನೀ ನಗಂಗಿಲ್ಲ, ಎಲ್ಲಾರೂ ರೊಕ್ಕ ಕೊಡ್ತಾರ."

ಅವಳು ಲಟ್ಟಣಿಗೆ ಇಳಿಸಿದಳು. "ಅದೂ ಖರೆ," ಎಂದು ಒಳಗೆ ಹೋಗಿ ಹಂಚು ಇಟ್ಟಳು.

ನನ್ನ ಹತ್ತು ವರ್ಷದ ವೃತ್ತಿಯಲ್ಲಿ ನನ್ನ ಬಾಯಿಯಿಂದ ಯಾರಿಗಾದರೂ ಲಾಭವಾದದ್ದಿದ್ದರೆ ಅದು ಅದೊಂದೇ ಸಲ. ಮುಂದಿನ ಕೆಲವು ತಿಂಗಳು ಆ ಖಾನಾವಳಿಯಲ್ಲಿ ಬೆಂಚು ಸಿಗುತ್ತಿರಲಿಲ್ಲ. ಬುದ್ಧನ ಫೋಟೋ ನೋಡಿ ಹಸಿವು ಕಳೆದುಕೊಂಡಿದ್ದವರೂ ಬಂದು ಕೂತರು. ಸುಜಾತಾಬಾಯಿಯನ್ನು ನಗಿಸಿದವ ಊರಿಗೇ ಹುಲಿ ಎಂದಾಗಿಬಿಟ್ಟಿತ್ತು, ಯಾರಿಗೆ ಬೇಡ ಆ ಹೆಸರು? ನಿಯಮವೂ ತಾನಾಗಿಯೇ ಹುಟ್ಟಿತು. ತಾಟು ಮುಂದೆ ಬಂದ ಮೇಲೆ ಹೇಳಬೇಕು. ಒಬ್ಬರಿಗೆ ಒಂದೇ ಜೋಕು. ಕಚಗುಳಿ ಇಡುವಂತಿಲ್ಲ. ಆಕೆ ಸೊಂಟದ ಮೇಲೆ ಕೈಯಿಟ್ಟು ನಿಂತು, ಸಾಲದ ಕಂತು ಕೇಳಲು ಬಂದವರ ಮುಖ ಮಾಡಿಕೊಂಡು, ಪೂರ್ತಿ ಕೇಳುತ್ತಿದ್ದಳು. ಕೇಳಿ, "ಆಯ್ತಾ? ಉಣ್ಣು," ಅನ್ನುತ್ತಿದ್ದಳು.

ಬಂದವರೆಲ್ಲ ಹೇಳುತ್ತಿದ್ದುದು ತಮ್ಮ ತಮ್ಮ ಮನೆಯ ಖಾಲಿತನವನ್ನೇ. ಒಬ್ಬ ಲಾರಿ ಕ್ಲೀನರ್ ಹೇಳಿದ್ದು ಇವತ್ತಿಗೂ ನನಗೆ ಹೊಟ್ಟೆಕಿಚ್ಚು: "ಬಾಯಿ, ನಮ್ ಮನ್ಯಾಗ ಬಾಳ ಇಲಿ ಇದ್ವು. ಕಾಳು ಮುಗೀತು. ಅವೂ ಪುಣೆಕ್ಕ ದುಡ್ಯಾಕ ಹೋದ್ವು. ಈಗ ತಿಂಗಳಾ ತಿಂಗಳಾ ಅಲ್ಲಿಂದ ನಮಗ ರೊಕ್ಕ ಕಳಸ್ತಾವ." ನಾನು ಬೆಂಚಿನಿಂದ ಬಿದ್ದೆ. ಮೂಳೆ ಮುರಿಯಿತು ಅಂತಲೇ ಬರೆಯಬೇಕೆಂದಿದ್ದೆ, ಮುರಿಯಲಿಲ್ಲ. ಸುಜಾತಾಬಾಯಿ, "ಆಯ್ತಾ? ಉಣ್ಣು," ಎಂದಳು.

ಒಂದು ದಿನ ಕೇಳಿದೆ, "ಅಕ್ಕಾ, ನಿನಗ ಖರೇನ ನಗಿ ಬರಂಗಿಲ್ಲೇನು?"

ಹಿಟ್ಟು ನಾದುತ್ತಲೇ ಹೇಳಿದಳು: "ಪರ್ಸಿ ಕಾರಖಾನ್ಯಾಗ ಬಾಯಿಗಿ ಬಟ್ಟಿ ಕಟ್ಕೊಂಡು ದುಡೀತಿದ್ವಿ. ನಗಾಕ ಬಾಯಿ ತೆಗದ್ರ ಧೂಳ ಒಳಗ ಹೋಗ್ತಿತ್ತು. ಹನ್ನೆರಡ ವರ್ಷ ಹಂಗೇ ಹೋತು. ರೂಢಿ ತಪ್ಪ್ಯದ, ಅಷ್ಟೇ."

ಅವಳು ಮೊದಲ ಸಲ ನಕ್ಕದ್ದು ಒಂದು ಮಧ್ಯಾಹ್ನ. ನಾನೂ ಚಾಚಾನೂ ಅಲ್ಲೇ ಇದ್ದೆವು. ಮುದುಕನೊಬ್ಬ ಬಂದ. ತಲೆಗೆ ರುಮಾಲು, ಕೈಯಲ್ಲಿ ಬುತ್ತಿಗಂಟಿನಂಥ ಒಂದು ಖಾಲಿ ಬಟ್ಟೆ. ಮೂರು ದಿನದಿಂದ ನಾಕಾದಲ್ಲಿ ಕೂಲಿಗೆ ನಿಂತು ಯಾರೂ ಕರೆಯದೆ ಇದ್ದವನಂತೆ. ಅದನ್ನು ಅವನು ಹೇಳಲಿಲ್ಲ, ಆಮೇಲೆ ಬಾಳೆಹಣ್ಣಿನವರು ಹೇಳಿದರು. ಬೆಂಚಿನ ತುದಿಯಲ್ಲಿ ಕೂತ. ತಾಟು ಮುಂದೆ ಬಂತು.

"ಹೇಳಜ್ಜಾ," ಎಂದಳು ಸುಜಾತಾಬಾಯಿ.

"ಒಂದ್ ಆಡ ಇತ್ತವ್ವಾ..." ಎಂದು ಶುರುಮಾಡಿದ. ನಿಲ್ಲಿಸಿದ. ಎಲ್ಲರೂ ಕಾದರು. "ಆ ಆಡು..." ಎಂದ. ಅವನ ಕಣ್ಣು ರೊಟ್ಟಿಯ ಮೇಲಿತ್ತು. "ಮುಂದ ನೆಪ್ಪಿಲ್ಲವ್ವಾ."

ಸುಜಾತಾಬಾಯಿ ನಕ್ಕುಬಿಟ್ಟಳು.

ಖಾನಾವಳಿಯೊಳಗೆ ಸಿಡಿಲು ಬಿದ್ದ ಹಾಗಾಯಿತು. ಸೀಟಿ, ಚಪ್ಪಾಳೆ. ಮುದುಕನನ್ನು ಒಬ್ಬ ಹೊತ್ತುಕೊಳ್ಳಲು ಹೋದ. ಆತ ಗಾಬರಿಯಿಂದ ತಾಟನ್ನು ಎದೆಗೆ ಒತ್ತಿ ಹಿಡಿದುಕೊಂಡ. ನನಗೆ ಎಷ್ಟು ಅವಮಾನವಾಯಿತೆಂದರೆ, ಅನ್ನವೇ ಸೇರಲಿಲ್ಲ. ವಾಪಸು ಬರುವಾಗ ಮಹಾಗಾಂವ ಕ್ರಾಸಿನವರೆಗೆ ಚಾಚಾನ ಮುಂದೆ ಗೋಳಾಡಿದೆ.

"ಚಾಚಾ, ಅದು ಒಂದು ಜೋಕ್ ಅಂತೀರೇನು? ಆಡ ಇತ್ತಂತ, ಮುಂದ ನೆಪ್ಪಿಲ್ಲಂತ! ನಾ ಎದೀ ಒಡಕೊಂಡು ಹೇಳಿದ್ರ ನಗಂಗಿಲ್ಲ, ಅದಕ್ಕ ನಗ್ತಾಳ. ಅಕಿಗಿ ಜೋಕಿನ ಅಕಲ್ ಇಲ್ಲ."

ಚಾಚಾ ಆಟೋ ಬದಿಗೆ ಹಾಕಿ ನಿಲ್ಲಿಸಿದರು. ಬಹಳ ಸಿಟ್ಟು ಬಂದಾಗ ಮಾತ್ರ ಹಾಗೆ ಮಾಡುತ್ತಿದ್ದರು.

"ಬೇಟಾ, ಅಕಲ್ ನಿನಗಿಲ್ಲ. ಅಂವ ಜೋಕ್ ಹೇಳ್ಯಾನೇನು? ಅವನ ಹೊಟ್ಟಿ ಮಾತಾಡ್ಯದ. ಅಕಿ ಕೇಳ್ಯಾಳ. ಹಂಗೇ ಉಣ್ಣು ಅಂದ್ರ ಆ ಬುಡ್ಡಾ ಎದ್ದು ಹೋಗ್ತಿದ್ದ. ನಕ್ಕಳು, ಉಂಡ. ಗೆದ್ದು ಉಂಡ."

ಕಲಬುರಗಿ ಮುಟ್ಟುವವರೆಗೆ ಮೈಕು ಮತ್ತು ನಾನು ಇಬ್ಬರೂ ಸುಮ್ಮನಿದ್ದ ಪ್ರಯಾಣ ಅದೊಂದೇ.

ಅಲ್ಲಿಂದ ಮುಂದೆ ನಾನು ಅವಳ ನಗುವನ್ನು ಲಕ್ಷ್ಯಕೊಟ್ಟು ನೋಡತೊಡಗಿದೆ. ವಾರಕ್ಕೆ ಒಂದು ಸಲ ನಗುತ್ತಿದ್ದವಳು ಎರಡು ಸಲ ನಕ್ಕಳು. ಬೇಸಿಗೆ ಬಂತು, ಕೆಲಸಗಳು ಇನ್ನೂ ನಿಂತವು, ದಿನಾ ನಕ್ಕಳು. ಒಳ್ಳೆಯ ಜೋಕಿಗೆ ಎಂದೂ ನಗಲಿಲ್ಲ. ಯಾರ ಅಂಗಿಯ ಕಾಲರು ಇಸ್ತ್ರಿಯಾಗಿ ಹೊಟ್ಟೆ ಮಾತ್ರ ಒಳಗೆ ಹೋಗಿತ್ತೋ, ಯಾರು ರೊಟ್ಟಿ ನೋಡುತ್ತ ಕಥೆ ಮರೆಯುತ್ತಿದ್ದರೋ, ಯಾರು ಬಾಗಿಲಲ್ಲೇ ಎರಡು ಸಲ ಹಿಂದೆ ತಿರುಗಿ ನೋಡಿ ಒಳಗೆ ಬರುತ್ತಿದ್ದರೋ, ಅವರ ಮಾತಿಗೆ ನಗುತ್ತಿದ್ದಳು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಗೆದ್ದವರು ತಲೆಯೆತ್ತಿ ಉಣ್ಣುತ್ತಿದ್ದರು. ಬಾಯಿ ಈಗ ಸಡಿಲ ಆಗಿದ್ದಾಳೆ, ನಗಿಸುವುದು ಸುಲಭ ಎಂದು ಊರಲ್ಲಿ ಮಾತಾಯಿತು. ಹುಲಿಯಾಗಲು ಬರುತ್ತಿದ್ದವರಿಗೆ ಆಟ ಸಪ್ಪೆಯಾಯಿತು. ಅವರು ಬರುವುದು ಬಿಟ್ಟರು. ದುಡ್ಡು ಕೊಡುತ್ತಿದ್ದವರು ಅವರೇ.

ಜೋಳದ ಚೀಲ ಇಳಿಯುತ್ತ ಬಂತು. ಬಾಡಿಗೆ ಕೇಳುವವರು ಬಂದು ಬಾಗಿಲಲ್ಲಿ ನಿಲ್ಲತೊಡಗಿದರು. ಅವರು ಮಾತ್ರ ಜೋಕು ಹೇಳುತ್ತಿರಲಿಲ್ಲ.

ನಾನು ಹೇಳಿದೆ, "ಅಕ್ಕಾ, ಇದು ನಾ ಹಚ್ಚಿದ ಹುಚ್ಚು. ನಾಳಿಗಿ ಮೈಕಿನ್ಯಾಗ ಹೇಳಿಬಿಡ್ತೀನಿ, ಆ ಸ್ಕೀಮ್ ಮುಗೀತು ಅಂತ. ನೀ ನಗೋದು ಬಂದ್ ಮಾಡು."

"ಬಂದ್ ಮಾಡಿದ್ರ ಅವ್ರು ಎಲ್ಲಿ ಉಣ್ತಾರ?"

"ಹಂಗಂದ್ರ ಸುಮ್ನ ಕೊಟ್ಟುಬಿಡು. ಎಲ್ಲಾರ ಮುಂದ ಯಾಕ ನಗಬೇಕು? ಮಂದಿ ಸಡ್ಲ ಬಾಯಿ ಅಂತ ಆಡ್ಕೋತಾರ."

ಅವಳು ರೊಟ್ಟಿ ತಿರುವಿ ಹಾಕಿದಳು. "ಸುಮ್ನ ಕೊಟ್ರ ಯಾರೂ ತಗಳಂಗಿಲ್ಲ ತಮ್ಮಾ. ನಾ ಕಾರಖಾನಿ ಬಂದ್ ಆದಾಗ ಎರಡ್ ತಿಂಗಳ ಮನ್ಯಾಗ ಕುಂತಿದ್ದೆ. ಬಾಜೂ ಮನ್ಯಾಕಿ ಗಂಗಾಳ ತುಂಬ ಅನ್ನ ತಂದು ಕೊಡಾಕ ಬಂದ್ಳು. ಉಂಡೀನಿ ಅಂದೆ. ಉಂಡಿದ್ದಿಲ್ಲ." ಆಮೇಲೆ, "ಪುಣೆ ಬಸ್ ಎಲ್ಲೂ ಓಡಿ ಹೋಗಂಗಿಲ್ಲ. ದಿನಾ ಅದ. ಹೋಗೋಣಂತ," ಎಂದಳು.

ನನ್ನ ತಲೆಯಲ್ಲಿ ಒಂದು ಯೋಜನೆ ಬಂತು. ನನ್ನ ಯೋಜನೆಗಳ ಇತಿಹಾಸ ನೀವು ಓದಿದ್ದೀರಿ. ಕಲಬುರಗಿಯಿಂದ ಉಳ್ಳವರನ್ನು ಕರೆತರಬೇಕು, ಅವರು ದುಡ್ಡು ಕೊಟ್ಟರೆ ಇವರ ಊಟ ನಡೆಯುತ್ತದೆ ಎಂದುಕೊಂಡೆ. ಸೂಪರ್ ಮಾರ್ಕೆಟ್ಟಿನಲ್ಲಿ, ಗುಡಿಯ ಸುತ್ತ, ಜಗತ್ ಸರ್ಕಲ್ಲಿನಲ್ಲಿ ಮೂರು ದಿನ ಸಾವಕಾರರಿಗೆ ಗೊತ್ತಿಲ್ಲದ ಹಾಗೆ ಪುಕ್ಕಟೆ ಕೂಗಿದೆ. ಕೆಂಪು ಬಾಳೆಹಣ್ಣಿನ ಊರಿಗೆ ಬನ್ನಿ, ನಗದ ಬಾಯಿಯನ್ನು ನೋಡಿ ಬನ್ನಿ ಎಂದು. ಜನ ರಸ್ತೆಯಲ್ಲಿ ನಿಂತು ಬಹಳ ನಕ್ಕರು. ಒಬ್ಬರೂ ಬರಲಿಲ್ಲ. ಬಂದದ್ದು ಒಂದು ಕಾರು ಮಾತ್ರ. ಅವರು ವೀಡಿಯೋ ಮಾಡಿಕೊಂಡು, ಡಯಟ್ ಇದೆ ಎಂದು ಮಜ್ಜಿಗೆ ಕುಡಿದು ಹೋದರು.

ಆ ಕೂಗಾಟದ ಸುದ್ದಿ ಸಂಗಣ್ಣ ಸಾವಕಾರರಿಗೂ ಮುಟ್ಟಿತು. ಬಯ್ಯಲಿಲ್ಲ. ಹತ್ತಿರ ಕರೆದು, ಒಂದು ಸಣ್ಣ ಕೋಣೆಯಲ್ಲಿ ಕೂರಿಸಿ, ನನ್ನ ಕೈಗೆ ಮೈಕು ಕೊಟ್ಟರು. ಸೀರೆ ಸೇಲು, ಪಾತ್ರೆ ಸೇಲು, ನನ್ನ ಹೆಸರಾಂತ ಬಡತನದ ಹರಟೆಗಳು, ಎಲ್ಲವನ್ನೂ ಹೇಳಿಸಿ ರೆಕಾರ್ಡ್ ಮಾಡಿಕೊಂಡರು. ನಾನು ಪದೋನ್ನತಿ ಎಂದುಕೊಂಡು ಎದೆಯುಬ್ಬಿಸಿ ಹೇಳಿದೆ. ಒಂದು ಜೋಕನ್ನು ಸರಿಬರಲಿಲ್ಲವೆಂದು ನಾನೇ ಮತ್ತೊಮ್ಮೆ ಹೇಳಿದೆ. ಮುಗಿದ ಮೇಲೆ ಸಾವಕಾರರು ಬೆರಳಿನಷ್ಟುದ್ದದ ಪೆನ್‌ಡ್ರೈವ್ ಕಿಸೆಗೆ ಹಾಕಿಕೊಂಡು ಪಿಸುಗುಟ್ಟಿದರು: "ಮಲ್ಲು, ನಾಳಿಂದ ನೀ ಬರಬ್ಯಾಡ. ಧಂದಾ ಇಲ್ಲ. ಇದು ಚಾ ಕೇಳಂಗಿಲ್ಲ."

ತನ್ನ ಜಾಗಕ್ಕೆ ಬರುವವನಿಗೆ ಇಷ್ಟು ಶ್ರದ್ಧೆಯಿಂದ ತರಬೇತಿ ಕೊಟ್ಟು ನಿವೃತ್ತನಾದವ ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಮನೆಯಲ್ಲಿ ಹೇಳಲಿಲ್ಲ. ದಿನವೂ ಬೆಳಿಗ್ಗೆ ಕೆಲಸಕ್ಕೆ ಹೋಗುವವನ ಹಾಗೆ ಹೊರಟು, ಗುಡಿಯ ಕಟ್ಟೆಯ ಮೇಲೆ ಕೂತು, ಸಂಜೆಗೆ ಮರಳುತ್ತಿದ್ದೆ. ಚಾಚಾಗೆ ಮಾತ್ರ ಗೊತ್ತಿತ್ತು. ಆಟೋದಲ್ಲಿ ಎಡಗಡೆ ಕೂತಿರುತ್ತಿದ್ದವನ ಜಾಗದಲ್ಲಿ ಈಗ ಪೆನ್‌ಡ್ರೈವ್ ಸಿಕ್ಕಿಸಿದ ಒಂದು ಡಬ್ಬಿ ಇತ್ತು, ಗೊತ್ತಾಗದೆ ಏನು. ಹೀಗೆ ಎರಡು ವಾರ ಕಳೆದಾಗ ಚಾಚಾ ಒಂದು ಸುದ್ದಿ ತಂದರು: ಸುಜಾತಾಬಾಯಿ ಬಾಗಿಲು ಹಾಕುತ್ತಾಳೆ. ಜೋಳ ತಂದುಕೊಟ್ಟಿದ್ದವರು ಇನ್ನು ಕೊಡುವುದಿಲ್ಲ ಎಂದಿದ್ದಾರೆ. ಸೋಮವಾರ ಪುಣೆ ಬಸ್ಸು.

ಶುಕ್ರವಾರ ನಾನು ಕಮಲಾಪುರದ ಬಸ್ಸು ಹತ್ತಿದೆ. ಅಕ್ಕನಿಗೆ ಮುಖ ತೋರಿಸಿ ಬರಬೇಕು ಎಂದಿತ್ತು. ಕೆಲಸ ಹೋದದ್ದನ್ನು ಹೇಳಬಾರದು ಎಂದೂ ಇತ್ತು. ಅವಳ ತಲೆಯ ಮೇಲೆ ನನ್ನದೂ ಯಾಕೆ? ಇಸ್ತ್ರಿ ಅಂಗಿ ಹಾಕಿಕೊಂಡಿದ್ದೆ. ಬಸ್ಸಿನ ಟಿಕೆಟ್ಟು ತೆಗೆದ ಮೇಲೆ ಕಿಸೆಯಲ್ಲಿ ವಾಪಸು ಬರುವಷ್ಟು ಇತ್ತು, ಊಟ ಮಾಡುವಷ್ಟು ಇರಲಿಲ್ಲ. ಉಂಡು ಬಂದಿದ್ದೇನೆ ಎಂದರಾಯಿತು ಎಂದುಕೊಂಡೆ.

ಒಳಗೆ ಆರೇಳು ಜನ ಇದ್ದರು. ಎಲ್ಲ ಹಳೆಯ ಮುಖಗಳೇ. "ಬಂದಪಾ ನಮ್ಮ ಮೈಕ್!" ಎಂದು ಒಬ್ಬ ಕೂಗಿದ. ನಾನು ನಾಲ್ಕು ಮಾತು ಹಾರಿಸಿದೆ. ಸುಜಾತಾಬಾಯಿ ಏನೂ ಕೇಳದೆ ತಾಟು ತಂದು ಮುಂದಿಟ್ಟಳು.

"ಅಕ್ಕಾ, ನಂದು ಊಟ ಆಗ್ಯದ."

"ಕುಂದ್ರು."

ಅಷ್ಟರಲ್ಲಿ ಹೊರಗೆ ರಸ್ತೆಯಲ್ಲಿ ನನ್ನ ಧ್ವನಿ ಕೇಳಿಸಿತು.

ಅಪ್ಪನಾಣೆ ಹೇಳುತ್ತೇನೆ, ಒಂದು ಕ್ಷಣ ನನಗೇ ಗುರುತು ಸಿಗಲಿಲ್ಲ. ಬಹಳ ಉತ್ಸಾಹದಲ್ಲಿದ್ದ ಯಾವನೋ ಒಬ್ಬ ಸೀರೆ ಮಾರುತ್ತಿದ್ದ. ಚಾಚಾನ ಆಟೋ ಹತ್ತಿರ ಬಂತು. ಭೋಂಗಾದೊಳಗೆ ನಾನು ಜೋಕು ಹೇಳಿ ನಾನೇ ನಕ್ಕೆ. ಚಾಚಾ ಬಾಗಿಲೊಳಗೆ ಕೂತ ನನ್ನನ್ನು ನೋಡಿದರು. ಅವರ ಕೈ ತಕ್ಷಣ ಡಬ್ಬಿಯ ಕಡೆ ಹೋಯಿತು, ಸದ್ದು ಸಣ್ಣದಾಯಿತು, ಆಟೋ ಮುಂದೆ ಹೋಯಿತು. ಆದರೆ ಕೇಳಬೇಕಾದವರೆಲ್ಲ ಕೇಳಿಯಾಗಿತ್ತು.

"ಅಲೆ ಇವ್ನ! ನೀ ಇಲ್ಲೂ ಅದಿ, ಅಲ್ಲೂ ಅದಿ!" ಎಂದ ಬೆಂಚಿನವ. ಎಲ್ಲರೂ ಹೋ ಎಂದು ನಕ್ಕರು. ನಾನೂ ನಕ್ಕೆ. "ಎರಡ್ ಎರಡ್ ಕಡಿ ಡ್ಯೂಟಿ, ಏನ್ ಮಾಡ್ಲಿ!" ಎಂದೆ.

ಸುಜಾತಾಬಾಯಿ ನಗಲಿಲ್ಲ. ಅವಳು ರಸ್ತೆಯನ್ನು ನೋಡಿದಳು. ನನ್ನ ಅಂಗಿಯ ಕಾಲರನ್ನು ನೋಡಿದಳು. ನಂತರ ಸೆರಗಿಗೆ ಕೈ ಒರೆಸಿಕೊಂಡು, ಸೊಂಟದ ಮೇಲೆ ಕೈಯಿಟ್ಟು, ನನ್ನ ಎದುರು ಬಂದು ನಿಂತಳು.

"ಹೇಳು," ಎಂದಳು.

"ಹೊಡೀ ಮಲ್ಲ್ಯಾ!" ಎಂದರು ಎಲ್ಲರೂ. "ಇವತ್ತರೆ ಬಾಯಿನ ನಗಸು ನೋಡೂನು!"

ಇಷ್ಟು ವರ್ಷ ಒಂದು ಗಳಿಗೆ ನಿಲ್ಲದ ನನ್ನ ಬಾಯಿ ಅಲ್ಲಿ ನಿಂತಿತು. ಒಂದೂ ನೆನಪಾಗಲಿಲ್ಲ. ಇದ್ದದ್ದೆಲ್ಲ ಪೆನ್‌ಡ್ರೈವಿನಲ್ಲಿ ಹೋಗಿತ್ತೋ ಏನೋ. ತಾಟಿನಿಂದ ಬಿಸಿ ರೊಟ್ಟಿಯ ವಾಸನೆ ಬರುತ್ತಿತ್ತು. ಏನಾದರೂ ಅನ್ನಬೇಕಲ್ಲ ಎಂದು ಕೇಳಿದೆ:

"ಇವತ್ತ ಪಲ್ಯ ಏನದ ಅಕ್ಕಾ?"

ಸುಜಾತಾಬಾಯಿ ನಕ್ಕಳು. ತಲೆ ಹಿಂದಕ್ಕೆ ಹಾಕಿ, ಸೆರಗನ್ನು ಬಾಯಿಗೆ ಒತ್ತಿಕೊಂಡು, ಭುಜ ಕುಣಿಯುವ ಹಾಗೆ ನಕ್ಕಳು. ಕಣ್ಣಂಚಿನಲ್ಲಿ ನೀರೂ ಬಂತು. ಬೆಂಚಿನವರು ಒಂದು ಕ್ಷಣ ಪಿಳಿಪಿಳಿ ನೋಡಿ, ಆಮೇಲೆ ಎದ್ದು ನಿಂತು ಸೀಟಿ ಹೊಡೆದರು, ತಾಟು ಬಡಿದರು. ಬಾಳೆಹಣ್ಣಿನವರು ಹೊರಗಿನಿಂದ ಓಡಿಬಂದರು. ನಾನು ಎದ್ದು ನಾಲ್ಕೂ ದಿಕ್ಕಿಗೆ ಬಗ್ಗಿ ನಮಸ್ಕಾರ ಮಾಡಿದೆ. ಆಮೇಲೆ ಕೂತು, ತಲೆ ತಗ್ಗಿಸಿ, ರೊಟ್ಟಿ ಮುರಿದೆ.

ಬಹಳ ಚೆನ್ನಾಗಿ ನಕ್ಕಳು. ನಾನು ಇದೇ ದಂಧೆಯಲ್ಲಿ ಇರದೆ ಹೋಗಿದ್ದರೆ ಖಂಡಿತ ನಂಬಿಬಿಡುತ್ತಿದ್ದೆ.